ಕಾಯಿಲೆ ಯಾರಿಗೆ ಬರಲಿಲ್ಲ?

‘ವರ್ಲ್ಡ್ ವಾರ್ ಝಡ್’ ಚಿತ್ರದಲ್ಲಿ ಭಾರತ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಮಾತ್ರ ಬೀಳುತ್ತದೆ. ಊರೂರುಗಳು ಝಾಂಬಿಗಳ ಪಾಲಾಗುತ್ತಿರುವಾಗ ಜೆರುಸಲೇಂ ಮಾತ್ರ ಮೊದಲೇ ಎತ್ತರದ ಗೋಡೆ ಕಟ್ಟಿಕೊಂಡು ಕುಳಿತಿದೆ. ನಿಮಗೆ ಮುಂಚೆಯೇ ಗೊತ್ತಾದದ್ದು ಹೇಗೆ ಎಂದು ನಾಯಕ ಜೆರ್ರಿ ಲೇನ್ ಅಲ್ಲಿನ ಬೇಹುಗಾರಿಕೆ ಅಧಿಕಾರಿಯನ್ನು ಕೇಳುತ್ತಾನೆ. ಭಾರತದ ಸೇನಾ ಜನರಲ್ ಒಬ್ಬನ ಸಂದೇಶ ನಮ್ಮ ಕೈಗೆ ಸಿಕ್ಕಿತು, ತಾನು ರಾಕ್ಷಸರ ಜೊತೆ ಕಾದಾಡುತ್ತಿರುವುದಾಗಿ ಅವನು ಬರೆದಿದ್ದ ಎಂದು ಆ ಅಧಿಕಾರಿ ಹೇಳುತ್ತಾನೆ. ಅಂಥ ಸುದ್ದಿಯನ್ನು ಯಾರು ನಂಬುತ್ತಾರೆ? ಇವರು ನಂಬಿದ್ದಕ್ಕೆ ಕಾರಣ ಅವರಲ್ಲಿದ್ದ ಒಂದು ಕಟ್ಟಳೆ. ಒಂಬತ್ತು ಮಂದಿ ಒಂದೇ ಅಭಿಪ್ರಾಯಕ್ಕೆ ಬಂದರೆ ಹತ್ತನೆಯವನು, ಅದೆಷ್ಟೇ ಅಸಂಭವವೆನಿಸಿದರೂ, ಅವರು ಹೇಳಿದ್ದು ತಪ್ಪೆಂದುಕೊಂಡೇ ಹುಡುಕಬೇಕು.

ಇಡೀ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಮಾತುಗಳಲ್ಲಿ ಇದೂ ಒಂದು. ಗುಂಡಿನ ಸದ್ದಿಲ್ಲದ, ಇಬ್ಬರು ನಡೆಯುತ್ತ ಮಾತಾಡುವ ದೃಶ್ಯ ಅದು. ಅದನ್ನು ನೋಡಿದಾಗಲೆಲ್ಲ ನಾನಿರುವ ಪುಣೆಯದೇ ಒಂದು ಕತೆ ನೆನಪಾಗುತ್ತದೆ. 1957ರ ಮಾರ್ಚ್‌ನಲ್ಲಿ ಮಲೆನಾಡಿನಿಂದ ಪುಣೆಗೆ ಒಂದು ಸುದ್ದಿ ಬಂತು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ತಾಲ್ಲೂಕುಗಳ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಎಂಬುದಷ್ಟೇ ಆ ಸುದ್ದಿ. ಅದನ್ನು ಕೇಳಿ ಸುಮ್ಮನಾಗದವರು ಪುಣೆಯಲ್ಲಿದ್ದರು. ಅವರು ಕಂಡುಹಿಡಿದದ್ದನ್ನು ಜಗತ್ತು ಇವತ್ತು ಕ್ಯಾಸನೂರು ಅರಣ್ಯ ಕಾಯಿಲೆ ಎಂದು ಕರೆಯುತ್ತದೆ. ನಮಗೆ ಅದು ಮಂಗನ ಕಾಯಿಲೆ.

ದೊಡ್ಡ ಬಜೆಟ್ಟಿನ ಝಾಂಬಿ ಚಿತ್ರವನ್ನೂ ಮಲೆನಾಡಿನ ಜ್ವರವನ್ನೂ ಪಕ್ಕಪಕ್ಕದಲ್ಲಿ ಇಡಲು ಕಾರಣವಿದೆ. ರೋಗದ ಮೂಲ ಹುಡುಕುವುದು ಅಂದರೇನು ಎಂಬ ಪ್ರಶ್ನೆಯನ್ನು ಇಷ್ಟು ಖರ್ಚು ಮಾಡಿ, ಇಷ್ಟು ಜನರ ಮುಂದೆ ಇಟ್ಟ ಚಿತ್ರಗಳು ಕಡಿಮೆ. ಅದು ಎಲ್ಲಿ ನಿಜ ಹೇಳಿತು, ಎಲ್ಲಿ ಎಡವಿತು ಎಂದು ತೂಗಲು ಪುಣೆಯ ಕತೆಗಿಂತ ಒಳ್ಳೆಯ ತಕ್ಕಡಿ ನನಗೆ ಗೊತ್ತಿಲ್ಲ.

ಚಿತ್ರ ತೆರೆಗೆ ಬಂದದ್ದು 2013ರ ಜೂನ್‌ನಲ್ಲಿ. ನಿರ್ದೇಶಕ ಮಾರ್ಕ್ ಫಾರ್ಸ್ಟರ್, ನಾಯಕ ಬ್ರಾಡ್ ಪಿಟ್. ಖರ್ಚು ಸುಮಾರು 19 ಕೋಟಿ ಡಾಲರ್, ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 54 ಕೋಟಿ ಡಾಲರ್. ಅದೇ ವರ್ಷ ಹಿಂದಿಯಲ್ಲಿ ‘ಗೋ ಗೋವಾ ಗಾನ್’ ಬಂದು ನಮ್ಮ ಪ್ರೇಕ್ಷಕರಿಗೂ ಝಾಂಬಿಯ ಪರಿಚಯವಾಗಿತ್ತು, ಆದರೆ ಅದು ನಗಿಸುವ ಚಿತ್ರ. ಫಾರ್ಸ್ಟರ್ ಚಿತ್ರದ ಧಾಟಿ ಬೇರೆ. ವಿಶ್ವಸಂಸ್ಥೆಯ ಕೆಲಸ ಬಿಟ್ಟು ಮನೆಯಲ್ಲಿರುವ ಜೆರ್ರಿ ಹೆಂಡತಿ ಮಕ್ಕಳ ಜೊತೆ ಫಿಲಡೆಲ್ಫಿಯಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆ. ಎಲ್ಲೋ ಒಂದು ಸ್ಫೋಟ, ಹಿಂದೆಯೇ ಜನರ ಓಟ. ಕಚ್ಚಿಸಿಕೊಂಡವನೊಬ್ಬ ನೆಲದ ಮೇಲೆ ಒದ್ದಾಡುತ್ತಿದ್ದಾನೆ. ಅಲ್ಲೇ ಬಿದ್ದ ಮಗುವಿನ ಆಟಿಕೆಯೊಂದು ಒಂದು, ಎರಡು, ಮೂರು ಎಂದು ಎಣಿಸುತ್ತಿದೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ಆ ಮನುಷ್ಯ ಎದ್ದು ಇನ್ನೊಬ್ಬನನ್ನು ಕಚ್ಚಲು ಓಡುತ್ತಾನೆ. ಜೆರ್ರಿಯ ಕಣ್ಣು ಆಗಲೇ ಲೆಕ್ಕ ಹಾಕಿಕೊಂಡಿದೆ.

ಈ ಹನ್ನೆರಡು ಸೆಕೆಂಡು ಚಿತ್ರದ ಬಲವೂ ಹೌದು, ದೌರ್ಬಲ್ಯವೂ ಹೌದು. ಭಯದ ನಡುವೆಯೂ ಒಬ್ಬ ಎಣಿಸುತ್ತಾನೆ, ಗಮನಿಸುತ್ತಾನೆ ಎಂದು ತೋರಿಸಿದ್ದು ಬಲ. ರೋಗ ಪತ್ತೆಯ ಮೊದಲ ಹೆಜ್ಜೆ ಅದೇ. ಆದರೆ ಯಾವ ವೈರಾಣುವೂ ಹನ್ನೆರಡು ಸೆಕೆಂಡಿನಲ್ಲಿ ಮನುಷ್ಯನನ್ನು ಆಳಲಾರದು. ಅದು ಜೀವಕೋಶದ ಒಳಹೊಕ್ಕು, ತನ್ನಂಥವನ್ನು ಸಾವಿರಾರು ಮಾಡಿಕೊಂಡು, ರಕ್ತದಲ್ಲಿ ಹರಡಬೇಕು. ಮಂಗನ ಕಾಯಿಲೆಯಲ್ಲಿ ಉಣುಗು, ಅಂದರೆ ಉಣ್ಣಿ, ಕಚ್ಚಿ ಜ್ವರ ಬರುವಷ್ಟರಲ್ಲಿ ಮೂರರಿಂದ ಎಂಟು ದಿನ ಕಳೆದಿರುತ್ತವೆ. ಅಷ್ಟರಲ್ಲಿ ಮನುಷ್ಯ ಕಾಡಿನಿಂದ ಮನೆಗೆ ಬಂದಿರುತ್ತಾನೆ, ಸಂತೆಗೆ ಹೋಗಿ ಬಂದಿರುತ್ತಾನೆ, ಕಚ್ಚಿದ್ದನ್ನೇ ಮರೆತಿರುತ್ತಾನೆ. ಮೂಲ ಹುಡುಕುವವನಿಗೆ ಕಷ್ಟ ಕೊಡುವುದು ಆ ಮರೆತುಹೋದ ದಿನಗಳು. ಚಿತ್ರ ಅವನ್ನೇ ಅಳಿಸಿಹಾಕಿದೆ. ಓಟಕ್ಕೆ ವೇಗ ಬಂತು, ಹುಡುಕಾಟದ ಒಗಟು ತೆಳುವಾಯಿತು.

ಈಗ 1957ಕ್ಕೆ ಬರೋಣ. ಪುಣೆ ರೈಲು ನಿಲ್ದಾಣದಿಂದ ದೂರವೇನಲ್ಲದ ಅಂಬೇಡ್ಕರ್ ರಸ್ತೆಯಲ್ಲಿ ಇವತ್ತು ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಅದನ್ನು ಶುರು ಮಾಡಿದಾಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. ಈಗಿನ ಹೆಸರು ಬಂದದ್ದು 1978ರಲ್ಲಿ. ಸೊಳ್ಳೆ, ಉಣ್ಣಿಗಳಿಂದ ಹರಡುವ ವೈರಾಣುಗಳನ್ನು ಹುಡುಕುವುದೇ ಆ ಕೇಂದ್ರದ ಕೆಲಸವಾಗಿತ್ತು. 1957ರಲ್ಲಿ ಅದರ ನಿರ್ದೇಶಕ ಟೆಲ್ಫರ್ಡ್ ವರ್ಕ್. ಜೊತೆಗೆ ಕೀಟ ಮತ್ತು ಕಾಡಿನ ಜೀವಿಗಳನ್ನು ಬಲ್ಲ ಹೆರಾಲ್ಡ್ ಟ್ರಾಪಿಡೊ ಇದ್ದರು. ಟ್ರಾಪಿಡೊ ಪನಾಮಾದ ಕಾಡುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು.

ಅವರಿಗೆ ಮಂಗಗಳ ಸಾವು ಕೇಳಿದೊಡನೆ ಒಂದೇ ಹೆಸರು ಹೊಳೆಯಿತು: ಹಳದಿ ಜ್ವರ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸತ್ತು ಬಿದ್ದರೆ ಹಳದಿ ಜ್ವರ ಹತ್ತಿರದಲ್ಲಿದೆ ಎಂದೇ ಅರ್ಥ. ಏಷ್ಯಾಕ್ಕೆ ಆ ರೋಗ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಊರೂರಿನಲ್ಲೂ ಇದೆ, ರೋಗ ಎದುರಿಸುವ ಶಕ್ತಿ ಯಾರ ರಕ್ತದಲ್ಲೂ ಇಲ್ಲ. ಒಮ್ಮೆ ಒಳಗೆ ಬಂದರೆ ಗತಿಯೇನು ಎಂಬ ಭಯ ಈ ದೇಶದ ಆರೋಗ್ಯಾಧಿಕಾರಿಗಳಿಗೆ ಮೊದಲಿನಿಂದಲೂ ಇತ್ತು. ಸಾಗರ, ಸೊರಬದ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ಮನುಷ್ಯರೂ ಜ್ವರದಿಂದ ಮಲಗಿದ್ದರು, ಕೆಲವರು ಸತ್ತಿದ್ದರು. ಅದು ವಿಷಮಶೀತ ಜ್ವರದ ಜಾತಿಯದಿರಬೇಕು ಎಂದು ಮೊದಲು ಭಾವಿಸಲಾಗಿತ್ತು. ಚಳಿ, ತಡೆಯಲಾರದ ತಲೆನೋವು, ಮೈಕೈ ಹಿಂಡುವ ನೋವು, ಕೆಂಪೇರಿದ ಕಣ್ಣು. ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದವರಲ್ಲಿ ಕೆಲವರಿಗೆ ಅದು ಮತ್ತೆ ಮರುಕಳಿಸುತ್ತಿತ್ತು, ಆಗ ಮಿದುಳಿಗೂ ತಟ್ಟುತ್ತಿತ್ತು.

ಇಲ್ಲಿ ಊರಿನವರನ್ನು ನೆನೆಯಬೇಕು. ಮಂಗನ ಸಾವನ್ನೂ ಮನುಷ್ಯನ ಜ್ವರವನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ಅವರು. ಕಾಡಿಗೆ ಸೌದೆಗೆ ಹೋದವರು, ದನ ಮೇಯಿಸಲು ಹೋದ ಹುಡುಗರು, ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ದರಗೆಲೆ, ಸೊಪ್ಪು ತರಲು ಹೋದ ಹೆಂಗಸರು ಸತ್ತ ಮುಸಿಯ ಮಂಗಗಳನ್ನು ಕಂಡಿದ್ದರು. ಕಾಯಿಲೆಗೆ ಮಂಗನ ಹೆಸರು ಅಂಟಿದ್ದು ಅಲ್ಲಿಂದಲೇ. ಯಾವ ಪ್ರಯೋಗಾಲಯದ ವರದಿಗೂ ಮೊದಲೇ ಅರ್ಧ ಉತ್ತರ ಊರಿನ ಬಾಯಲ್ಲಿತ್ತು.

ಉಳಿದರ್ಧ ಹುಡುಕುವುದು ಕಷ್ಟದ ಕೆಲಸ. ಸತ್ತ ಮಂಗ ಸಿಕ್ಕರೆ ಸಾಲದು. ಮಾರ್ಚ್ ಬಿಸಿಲಿನಲ್ಲಿ ಕಾಡಿನ ನೆಲದ ಮೇಲೆ ಬಿದ್ದ ಹೆಣ ಬೇಗ ಕೊಳೆಯುತ್ತದೆ, ಕೊಳೆತದ್ದರಲ್ಲಿ ವೈರಾಣು ಉಳಿಯುವುದಿಲ್ಲ. ಈಗಷ್ಟೇ ಸತ್ತ ಅಥವಾ ಸಾಯುತ್ತಿರುವ ಪ್ರಾಣಿ ಬೇಕು. ಅದು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಸಿಕ್ಕಿತು, ಒಂದು ಮುಸಿಯ. ಆ ಕಾಡಿನ ಹೆಸರೇ ರೋಗಕ್ಕೂ ವೈರಾಣುವಿಗೂ ನಿಂತಿತು. ಮಂಗದ ಅಂಗಾಂಗಗಳ ತುಣುಕು, ರೋಗಿಗಳ ರಕ್ತ ಎಲ್ಲವೂ ಪುಣೆಗೆ ಬಂದವು. ಅಂದಿನ ಕಾಲದಲ್ಲಿ ವೈರಾಣು ಹುಡುಕುವ ನಂಬಿಕಸ್ತ ದಾರಿ ಎಂದರೆ ಆಗತಾನೇ ಹುಟ್ಟಿದ ಬಿಳಿ ಇಲಿಮರಿ. ಮಾದರಿಯನ್ನು ಅರೆದು, ಸೋಸಿ, ತೀರ ಸಣ್ಣ ಪ್ರಮಾಣದಲ್ಲಿ ಮರಿಯ ಮಿದುಳಿಗೆ ಚುಚ್ಚುವುದು, ಬೆಳಿಗ್ಗೆ ಸಂಜೆ ಪೆಟ್ಟಿಗೆ ತೆರೆದು ನೋಡುವುದು. ಮರಿಗಳು ಹಾಲು ಬಿಟ್ಟು, ಮಂಕಾಗಿ, ಸತ್ತರೆ ಅವುಗಳ ಮಿದುಳನ್ನು ತೆಗೆದು ಇನ್ನೊಂದಿಷ್ಟು ಮರಿಗಳಿಗೆ ಕೊಡುವುದು. ಎರಡನೆಯ ಸುತ್ತಿನಲ್ಲೂ ಅವು ಸತ್ತರೆ, ಬೆಳೆಯಬಲ್ಲ ಜೀವವೊಂದು ಅಲ್ಲಿದೆ ಎಂದಾಯಿತು. ಕ್ಯಾಸನೂರಿನ ಮಾದರಿಗಳಲ್ಲಿ ಅದು ಇತ್ತು.

ಇದು ಯಾವ ವೈರಾಣು? ಗೊತ್ತಿರುವ ವೈರಾಣುಗಳ ವಿರುದ್ಧ ತಯಾರಿಸಿಟ್ಟ ಸೀರಮ್‌ಗಳ ಜೊತೆ ಅದನ್ನು ಹೋಲಿಸಿ ನೋಡಿದರು. ಹಳದಿ ಜ್ವರ ಅಲ್ಲ ಎಂದಾಯಿತು. ಆಮೇಲೆ ಬಂದ ಉತ್ತರ ಯಾರೂ ನಿರೀಕ್ಷಿಸದ್ದು. ಈ ವೈರಾಣುವಿನ ನಂಟು ಸೋವಿಯತ್ ರಷ್ಯಾದ ತುದಿಯ ಹಿಮದ ಕಾಡುಗಳಲ್ಲಿ ಕಾಣಿಸುವ ಮಿದುಳು ಜ್ವರದ ವೈರಾಣುವಿನ ಜೊತೆಗಿತ್ತು. ಆ ವೈರಾಣುವನ್ನು 1937ರಲ್ಲಿ ಲೆವ್ ಝಿಲ್ಬರ್ ನೇತೃತ್ವದ ತಂಡ ಕಂಡುಹಿಡಿದಿತ್ತು. ಆ ತಂಡದ ಯುವ ವಿಜ್ಞಾನಿ ಮಿಖಾಯಿಲ್ ಚುಮಕೋವ್ ಅದೇ ರೋಗ ತಗುಲಿ ಒಂದು ಕೈಯ ಬಲವನ್ನೂ ಕಿವಿಯ ಶಕ್ತಿಯನ್ನೂ ಕಳೆದುಕೊಂಡರು. ಝಿಲ್ಬರ್ ಅವರನ್ನಂತೂ ಅದೇ ವರ್ಷ ಸ್ಟಾಲಿನ್‌ನ ಪೊಲೀಸರು ಬಂಧಿಸಿದರು. ಯಾವ ಚಿತ್ರಕತೆಗಾರನಿಗೂ ಇಷ್ಟು ಧೈರ್ಯ ಬರಲಾರದು.

ರಷ್ಯಾದ ರೋಗ ಹರಡುವುದು ಉಣ್ಣಿಯಿಂದ. ಹಾಗಾದರೆ ಇಲ್ಲಿಯೂ? ಹಳದಿ ಜ್ವರದ ಗುಂಗಿನಲ್ಲಿ ಮರದ ತುದಿಯ ಸೊಳ್ಳೆಗಳ ಕಡೆ ಹೊರಳಿದ್ದ ಗಮನ ಈಗ ನೆಲಕ್ಕೆ ಇಳಿಯಿತು. ಆ ಬೇಸಿಗೆಯಲ್ಲಿ ಸೊಳ್ಳೆ ಕಡಿಮೆ, ದರಗೆಲೆಯ ಮೇಲೆ ಉಣುಗು ಲೆಕ್ಕವಿಲ್ಲದಷ್ಟು. ಉಣ್ಣಿ ಹಿಡಿಯುವ ವಿಧಾನ ನೋಡಲು ಸರಳ. ಬಿಳಿ ಬಟ್ಟೆಯ ತುಂಡೊಂದನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ನಡೆಯಬೇಕು. ದಾರಿಹೋಕನಿಗಾಗಿ ಕಾದು ಕುಳಿತ ಉಣುಗು ಬಟ್ಟೆಗೆ ಹತ್ತಿಕೊಳ್ಳುತ್ತದೆ. ಕೆಲವು ಹೆಜ್ಜೆಗೊಮ್ಮೆ ನಿಂತು ಸಾಸಿವೆ ಕಾಳಿಗಿಂತ ಚಿಕ್ಕ ಮರಿಗಳನ್ನು ಒಂದೊಂದಾಗಿ ಚಿಮಟದಿಂದ ಹೆಕ್ಕಿ ಗಾಜಿನ ಕೊಳವೆಗೆ ಹಾಕಬೇಕು. ಹೆಕ್ಕುವವನ ಕಾಲಿಗೂ ಅವು ಹತ್ತುತ್ತಿರುತ್ತವೆ. ಹೀಗೆ ಕೂಡಿಸಿದ ಹೀಮಾಫೈಸಾಲಿಸ್ ಜಾತಿಯ ಉಣ್ಣಿಗಳಿಂದಲೇ ವೈರಾಣುವನ್ನು ಬೇರ್ಪಡಿಸಿದ ವರದಿ 1959ರಲ್ಲಿ ಪ್ರಕಟವಾಯಿತು. ಟ್ರಾಪಿಡೊ, ರಾಜಗೋಪಾಲನ್, ವರ್ಕ್, ವರ್ಮಾ ಎಂಬ ನಾಲ್ಕು ಹೆಸರುಗಳು ಅದರ ಮೇಲಿವೆ.

ಚಿತ್ರದಲ್ಲೂ ಒಬ್ಬ ವೈರಾಣು ತಜ್ಞನಿದ್ದಾನೆ, ಹಾರ್ವರ್ಡ್‌ನ ತರುಣ ಫಾಸ್‌ಬಾಕ್. ವಿಮಾನದಲ್ಲಿ ಜೆರ್ರಿಗೆ ಅವನು ಹೇಳುವುದರ ಸಾರ ಇಷ್ಟು: ಪ್ರಕೃತಿ ಕೊಂದದ್ದರ ಸುಳಿವನ್ನು ಬಿಟ್ಟೇ ಹೋಗುತ್ತದೆ, ಅದನ್ನು ಗುರುತಿಸುವುದೇ ಕಷ್ಟ, ಏಕೆಂದರೆ ಅದರ ಬಲವೆಂದು ನಾವು ಬೆದರುವುದೇ ಅದರ ದೌರ್ಬಲ್ಯವಾಗಿರಬಹುದು. ಚಿತ್ರದ ಬರವಣಿಗೆಯ ಎತ್ತರ ಇದು. ದಕ್ಷಿಣ ಕೊರಿಯಾದಲ್ಲಿ ಇಳಿದು ಕೆಲವೇ ಕ್ಷಣಗಳಲ್ಲಿ ಆ ಹುಡುಗ ಮಳೆಯಲ್ಲಿ ಕಾಲು ಜಾರಿ, ಕೈಯಲ್ಲಿದ್ದ ಪಿಸ್ತೂಲು ತನಗೇ ಹಾರಿ ಸಾಯುತ್ತಾನೆ. ನೋಡುವವನ ಎದೆ ಝಲ್ಲೆನ್ನುತ್ತದೆ, ಅಷ್ಟರ ಮಟ್ಟಿಗೆ ಗೆದ್ದ ದೃಶ್ಯ. ಆದರೆ ಅಲ್ಲಿಂದ ಮುಂದೆ ವಿಜ್ಞಾನದ ಭಾರವೆಲ್ಲ ಜೆರ್ರಿಯ ಹೆಗಲಿಗೆ ಬೀಳುತ್ತದೆ. ಒಂದು ದೇಶದಿಂದ ಇನ್ನೊಂದಕ್ಕೆ ಹಾರುತ್ತಾನೆ, ಇಳಿದ ಕಡೆಯೆಲ್ಲ ಊರು ಬೀಳುತ್ತದೆ, ಅವನು ಒಂದು ಸುಳಿವು ಹೆಕ್ಕಿಕೊಂಡು ಮೇಲೇಳುತ್ತಾನೆ. ಹೆಂಡತಿ ಕ್ಯಾರಿನ್‌ಗೆ ಹಡಗಿನಲ್ಲಿ ಕುಳಿತು ಫೋನು ಮಾಡುವುದಷ್ಟೇ ಕೆಲಸ. ಅವಳ ಒಂದು ಕರೆಯ ಸದ್ದಿಗೆ ಕೊರಿಯಾದಲ್ಲಿ ಝಾಂಬಿಗಳು ಎಚ್ಚರಗೊಂಡು ಸೈನಿಕರು ಸಾಯುತ್ತಾರೆ. ಮಿರೆಯ್ ಈನೋಸ್‌ನಂಥ ನಟಿಗೆ ಇದು ಅನ್ಯಾಯ.

ಮ್ಯಾಕ್ಸ್ ಬ್ರೂಕ್ಸ್‌ನ 2006ರ ಮೂಲ ಕಾದಂಬರಿ ಹಾಗಿಲ್ಲ. ಮಹಾಮಾರಿ ಮುಗಿದ ಮೇಲೆ ಒಬ್ಬ ದೇಶದೇಶ ಸುತ್ತಿ ಉಳಿದುಕೊಂಡವರನ್ನು ಮಾತಾಡಿಸುತ್ತಾನೆ. ವೈದ್ಯ, ಸೈನಿಕ, ಕಳ್ಳಸಾಗಣೆದಾರ, ಸಾಮಾನ್ಯ ಹೆಂಗಸು, ಪ್ರತಿಯೊಬ್ಬರ ಬಳಿಯೂ ಕತೆಯ ಒಂದು ಚೂರು. ಆ ಚೂರುಗಳನ್ನು ಕೂಡಿಸಿದಾಗ ಮಾತ್ರ ಏನಾಯಿತೆಂದು ತಿಳಿಯುತ್ತದೆ. ಚಿತ್ರ ಅಷ್ಟೂ ದನಿಗಳನ್ನು ಬಿಟ್ಟು ಒಬ್ಬನನ್ನು ಇಟ್ಟುಕೊಂಡಿತು. ಚಿತ್ರದ ದೊಡ್ಡ ತಪ್ಪು ಇದೇ ಎಂದು ನನಗೆ ಅನ್ನಿಸುತ್ತದೆ. ಝಾಂಬಿಗಳು ಇರುವೆಗಳಂತೆ ಒಂದರ ಮೇಲೊಂದು ಹತ್ತಿ ಜೆರುಸಲೇಂ ಗೋಡೆ ದಾಟುವ ದೃಶ್ಯವನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದ್ದೇ. ಆದರೆ ಗೋಡೆಯ ಒಳಗಿದ್ದವರಲ್ಲಿ ಯೋಧೆ ಸೆಗೆನ್‌ಳನ್ನು ಬಿಟ್ಟರೆ ಇನ್ನಾರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಸಾಯುವವರು ನಮಗೆ ಯಾರೂ ಆಗದಿದ್ದರೆ ಅವರ ಸಾವು ಬರಿಯ ಗದ್ದಲವಾಗುತ್ತದೆ.

ಕ್ಯಾಸನೂರಿನ ಕತೆಯ ಕಾಗದಪತ್ರಗಳಲ್ಲಿ ಮುಖಗಳಿವೆ. 1957ರಲ್ಲೇ ಪ್ರಕಟವಾದ, ಮನುಷ್ಯರಲ್ಲಿ ಈ ರೋಗ ಹೇಗಿರುತ್ತದೆಂದು ವಿವರಿಸಿದ ಮೊದಲ ವರದಿಗಳಲ್ಲೊಂದರ ಮೇಲೆ ವರ್ಕ್ ಮತ್ತು ಟ್ರಾಪಿಡೊ ಜೊತೆಗೆ ನರಸಿಂಹಮೂರ್ತಿ, ಲಕ್ಷ್ಮಣರಾವ್, ಭಟ್, ಕುಲಕರ್ಣಿ ಎಂಬ ಹೆಸರುಗಳಿವೆ. ಹೆಸರು ದಾಖಲಾಗದವರು ಇನ್ನೆಷ್ಟೋ: ದಾರಿ ತೋರಿಸಿದವರು, ಹೆಣ ಹೊತ್ತು ತಂದವರು, ಮನೆಯವರ ಜ್ವರದ ದಿನಗಳನ್ನು ನೆನಪಿನಿಂದ ಹೇಳಿದವರು. ರಕ್ತ ಕೊಡಲು ತೋಳು ಚಾಚಿದ ರೋಗಿಗಳನ್ನು ಮರೆಯುವಂತೆಯೇ ಇಲ್ಲ.

ಆದರೂ ಚಿತ್ರವನ್ನು ನಾನು ಬಿಟ್ಟುಕೊಡಲಾರೆ. ಅದರ ನಡುವಿನಲ್ಲಿ ಒಂದು ನಿಜವಾದ ಆವಿಷ್ಕಾರವಿದೆ. ಕೊರಿಯಾದ ಶಿಬಿರದಲ್ಲಿ ಒಬ್ಬ ಸೈನಿಕನನ್ನು ಝಾಂಬಿಗಳು ಮುಟ್ಟದೆ ಹೋಗಿದ್ದವು. ಜೆರುಸಲೇಂ ಬೀದಿಯಲ್ಲಿ ಬೋಳುತಲೆಯ, ಬಡಕಲು ಹುಡುಗನೊಬ್ಬ ನಿಂತಿದ್ದಾನೆ, ಝಾಂಬಿಗಳ ಹೊಳೆ ಅವನ ಎರಡೂ ಬದಿಗೆ ಸೀಳಿ ಹರಿದುಹೋಗುತ್ತದೆ. ಜೆರ್ರಿ ಈ ಚಿತ್ರಗಳನ್ನು ತಲೆಯಲ್ಲಿ ಜೋಡಿಸುತ್ತಾನೆ. ಬದುಕುಳಿಯಲಾರದಷ್ಟು ಕಾಯಿಲೆ ಬಿದ್ದವರನ್ನು ಅವು ಕಚ್ಚುವುದಿಲ್ಲ, ಏಕೆಂದರೆ ಅಂಥ ದೇಹ ರೋಗ ಹರಡಲು ಉಪಯೋಗವಿಲ್ಲ. ಎಲ್ಲರೂ ಕಚ್ಚಿಸಿಕೊಂಡವರ ಹಿಂದೆ ಬಿದ್ದಿರುವಾಗ ಅವನು ಕಚ್ಚಿಸಿಕೊಳ್ಳದವನನ್ನು ನೋಡಿದ.

ಸಾಂಕ್ರಾಮಿಕ ರೋಗಶಾಸ್ತ್ರದ ಹೃದಯ ಈ ಪ್ರಶ್ನೆಯಲ್ಲಿದೆ. ಕಾಯಿಲೆ ಯಾರಿಗೆ ಬಂತು ಎಂಬುದರ ಜೊತೆಗೇ ಯಾರಿಗೆ ಬರಲಿಲ್ಲ ಎಂದು ಕೇಳಬೇಕು. ಮಂಗನ ಕಾಯಿಲೆಯಲ್ಲಿ ರೋಗಿಯ ಹಾಸಿಗೆಯ ಪಕ್ಕ ರಾತ್ರಿಯಿಡೀ ಕುಳಿತ ತಾಯಿಗೆ, ಕಾಡಿಗೆ ಕಾಲಿಡದಿದ್ದರೆ, ಜ್ವರ ಬರುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಿದ ದಾಖಲೆಯೇ ಇಲ್ಲ. ವೈರಾಣುವಿನ ಪಾಲಿಗೆ ಮನುಷ್ಯ ದಾರಿ ತಪ್ಪಿ ಸಿಕ್ಕವನು, ಅವನಲ್ಲಿ ಅದರ ಪ್ರಯಾಣ ಮುಗಿಯುತ್ತದೆ. ದನಗಳಿಗೂ ರೋಗ ಕಾಣಿಸಿಕೊಳ್ಳುವುದಿಲ್ಲ, ಆದರೆ ಬೆಳೆದ ಉಣ್ಣಿಗಳಿಗೆ ರಕ್ತ ಒದಗಿಸಿ ಅವುಗಳ ಸಂತತಿ ಹೆಚ್ಚಿಸುವುದು ಕಾಡಿಗೆ ಮೇಯಲು ಹೋಗುವ ಅವೇ ದನಗಳು. ಕಾಡಿಲಿ, ಅಳಿಲು, ಮೂಗಿಲಿಗಳು ವೈರಾಣುವನ್ನು ಸದ್ದಿಲ್ಲದೆ ಸಾಕಿಕೊಂಡಿರುತ್ತವೆ. ಮಂಗ ಮಾತ್ರ ಸಾಯುತ್ತದೆ. ಸತ್ತಾಗ ಅದರ ಮೈಮೇಲಿನ ಸೋಂಕು ತಗುಲಿದ ಉಣ್ಣಿಗಳು ಆ ಜಾಗದಲ್ಲೇ ಉದುರುತ್ತವೆ. ಮುಂದಿನ ರಕ್ತಕ್ಕಾಗಿ ಅವು ಅಲ್ಲೇ ದರಗೆಲೆಯಲ್ಲಿ ಕಾಯುತ್ತವೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾರಿಗೆ ಬಂದರೂ ಕಾಣಲಿಲ್ಲ ಎಂಬ ಮೂರು ಪಟ್ಟಿಗಳು ಕೂಡಿದಾಗ ಕಾಡಿನ ಈ ಜಾಲ ಸ್ಪಷ್ಟವಾಯಿತು. ಜೆರ್ರಿಗೆ ವಿಮಾನದಲ್ಲಿ ಒಂದು ಮಿಂಚಿನಲ್ಲಿ ಹೊಳೆದದ್ದು ಪುಣೆಯವರಿಗೆ ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ವರ್ಷಗಳ ಕಾಲ ಇಲಿ, ಹಕ್ಕಿ, ಉಣ್ಣಿ, ದನಗಳನ್ನು ಪರೀಕ್ಷಿಸಿದ ಮೇಲೆ ಸಿಕ್ಕಿತು.

ಆ ವರ್ಷಗಳಲ್ಲಿ ಅಲ್ಲಿಗೆ ಬಂದವರಲ್ಲಿ ಕೊಲಂಬಿಯಾದ ಹೋರ್ಹೆ ಬೊಶೆಲ್ ಕೂಡ ಒಬ್ಬರು. ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರವನ್ನು ಅಧ್ಯಯನ ಮಾಡುವಾಗ ಮರ ಕಡಿಯುವವರ ಜೊತೆ ನಿಂತಿದ್ದ ಬೊಶೆಲ್, ದೊಡ್ಡ ಮರ ನೆಲಕ್ಕುರುಳಿದೊಡನೆ ತುದಿಯಲ್ಲಿದ್ದ ನೀಲಿ ಸೊಳ್ಳೆಗಳು ಮನುಷ್ಯರ ಸುತ್ತ ಮುತ್ತಿದ್ದನ್ನು ಕಂಡವರು. ಮಲೆನಾಡಿನಲ್ಲೂ ಅವರು ಹೇಳಿದ್ದು ಅದೇ ಬಗೆಯ ಮಾತು. ಜನ ಹೆಚ್ಚಿದರು, ದನ ಹೆಚ್ಚಿದವು, ಕಾಡಿನ ಅಂಚು ಹರಿದು ಗದ್ದೆ ತೋಟಗಳ ಜೊತೆ ಕಲಸಿಹೋಯಿತು. ಎಲ್ಲೋ ಸದ್ದಿಲ್ಲದೆ ಇದ್ದ ವೈರಾಣು ಮೇಲೆದ್ದದ್ದು ಅದರಿಂದ. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದಲ್ಲಿ ಕಾಯಿಲೆ ಭುಗಿಲೆದ್ದಾಗ ಆ ಮಾತು ಇನ್ನೊಮ್ಮೆ ಎದುರು ಬಂದು ನಿಂತಿತು. ಕಾಡು ಕಡಿದದ್ದಕ್ಕೆ ದೈವ ಮುನಿದಿದೆ ಎಂದು ಅಲ್ಲಿನ ಜನ ಅಂದುಕೊಂಡದ್ದನ್ನು ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಬರೆದಿಟ್ಟಿದ್ದಾರೆ. ಕಾಡು ಕಡಿದದ್ದೇ ಮೂಲ ಎಂಬ ವಿಷಯದಲ್ಲಿ ಜನರೂ ವಿಜ್ಞಾನಿಯೂ ಬೇರೆ ಮಾತು ಆಡಿರಲಿಲ್ಲ.

ಝಾಂಬಿ ಚಿತ್ರಗಳಲ್ಲಿ ಬರುವ ಸಂಚಿನ ಎಳೆಯೂ ಈ ಕತೆಯಲ್ಲಿದೆ. ರಷ್ಯಾದ ವೈರಾಣುವಿನ ಬಂಧು ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಯ ಜೊತೆ ಬಂದಿರಬಹುದು ಎಂಬ ಊಹೆ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಆರಂಭಿಸಿದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯ ಹಿಂದೆ ಈ ಪ್ರಶ್ನೆಯೂ ಇತ್ತು. ಮುಂದೆ ಅದಕ್ಕೆ ಅಮೆರಿಕದ ಸೇನೆಗೆ ಸೇರಿದ ಸಂಸ್ಥೆಯ ಹಣ ಬಂದದ್ದು ಹೊರಬಿದ್ದು, ಜೈವಿಕ ಅಸ್ತ್ರದ ಪ್ರಯೋಗ ಎಂಬ ಗುಲ್ಲೆದ್ದಿತು. ಸಲೀಂ ಅಲಿ ಅದರಿಂದ ಬಹಳ ನೊಂದರು. ಹಕ್ಕಿಗಳಿಂದ ರೋಗ ಬಂತೆನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ, ಆದರೆ ನಮ್ಮ ಹಕ್ಕಿಗಳ ವಲಸೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಉಂಗುರಗಳಿಂದ ಬಂತು. ಸೊರಬದ ಒಂದು ಮುಸಿಯದ ಸಾವಿನಿಂದ ಇಷ್ಟು ದೂರದ ಜ್ಞಾನ ಹುಟ್ಟಿತಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಚಿತ್ರದ ಕೊನೆಯ ಭಾಗಕ್ಕೂ ಒಂದು ಪತ್ತೆಯ ಕತೆಯಿದೆ. ಮೊದಲು ಚಿತ್ರೀಕರಿಸಿದ್ದ ಕೊನೆ ಬೇರೆಯಿತ್ತು. ರಷ್ಯಾದಲ್ಲಿ ನಡೆಯುವ ಭಾರೀ ಯುದ್ಧ, ಝಾಂಬಿಗಳನ್ನು ಕಡಿಯುವ ಬ್ರಾಡ್ ಪಿಟ್. ಜೋಡಿಸಿ ನೋಡಿದಾಗ ಅದು ಕೂಡಿಬರಲಿಲ್ಲ. ಆಗ ಡೇಮನ್ ಲಿಂಡೆಲಾಫ್, ಡ್ರೂ ಗೊಡಾರ್ಡ್ ಬಂದು ಕೊನೆಯ ಭಾಗವನ್ನು ಹೊಸದಾಗಿ ಬರೆದರು, ವಾರಗಟ್ಟಲೆ ಮತ್ತೆ ಚಿತ್ರೀಕರಣ ನಡೆಯಿತು, ಖರ್ಚು ಉಬ್ಬಿತು. ಅಷ್ಟು ಹಣ ಸುರಿದು ಅವರು ಕೊನೆಗೆ ತಲುಪಿದ್ದು ಎಲ್ಲಿಗೆ? ಕಾರ್ಡಿಫ್‌ನ ಒಂದು ಪ್ರಯೋಗಾಲಯಕ್ಕೆ. ಉದ್ದ ಕಾರಿಡಾರು, ಗಾಜಿನ ಬಾಗಿಲು, ಉಸಿರು ಬಿಗಿಹಿಡಿದು ನಡೆಯುವ ಮೂವರು. ಕಾಲಿಗೆ ತಾಗಿ ಉರುಳಿದ ಒಂದು ಡಬ್ಬಿಯ ಸದ್ದು ಜೆರುಸಲೇಂ ಬಿದ್ದದ್ದಕ್ಕಿಂತ ಹೆಚ್ಚು ನಡುಗಿಸುತ್ತದೆ. ಸೋಂಕಿತ ರಕ್ತದ ಜೊತೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗೆ ಆದ ಸಣ್ಣ ಅವಘಡದಿಂದ ಆ ಕಟ್ಟಡದ ಒಂದು ಭಾಗ ಪೂರ್ತಿ ಕೈತಪ್ಪಿದೆ ಎಂಬ ವಿವರ ಅಲ್ಲಿ ಬರುತ್ತದೆ. ಪುಣೆಯಲ್ಲೂ ಕ್ಯಾಸನೂರು ವೈರಾಣುವಿನ ಜೊತೆ ಕೆಲಸ ಮಾಡುತ್ತಿದ್ದ ಸಿಬ್ಬಂದಿಗೆ ಪ್ರಯೋಗಾಲಯದಲ್ಲೇ ಸೋಂಕು ತಗುಲಿದ್ದು ದಾಖಲಾಗಿದೆ. ಅಂದು ಅವರಿಗಿದ್ದ ರಕ್ಷಣೆ ಅಲ್ಪ. ಇವತ್ತು ಪುಣೆಯ ಪಾಷಾಣ್‌ನಲ್ಲಿ ಅದೇ ಸಂಸ್ಥೆಯ ಅತ್ಯಂತ ಬಿಗಿ ಭದ್ರತೆಯ ನಾಲ್ಕನೇ ಹಂತದ ಪ್ರಯೋಗಾಲಯವಿದೆ, 2012ರಲ್ಲಿ ಆರಂಭವಾದದ್ದು.

ಸೇನೆಯ ಯುದ್ಧವನ್ನು ಕತ್ತರಿಸಿ ಪ್ರಯೋಗಾಲಯದ ನಿಶ್ಶಬ್ದವನ್ನು ಇಟ್ಟುಕೊಂಡ ತೀರ್ಮಾನ ಈ ಚಿತ್ರವನ್ನು ಉಳಿಸಿತು. ಪುಣೆಯಲ್ಲಿ ಕುಳಿತು ಇದನ್ನು ಬರೆಯುವಾಗ 1897ರ ಪ್ಲೇಗ್ ನೆನಪಾಗದೆ ಇರದು. ರೋಗ ಹುಡುಕಲು ಪ್ಲೇಗ್ ಅಧಿಕಾರಿ ವಾಲ್ಟರ್ ರ‍್ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ, ಜನ ರೋಗಿಗಳನ್ನೇ ಬಚ್ಚಿಟ್ಟರು, ಕೊನೆಗೆ ಚಾಪೇಕರ್ ಸಹೋದರರ ಗುಂಡಿಗೆ ಅವನು ಬಲಿಯಾದ. ಬಂದೂಕಿಗೆ ರೋಗದ ಮೂಲ ಸಿಕ್ಕಿದ್ದಿಲ್ಲ.

ಆದರೆ ಪ್ರಯೋಗಾಲಯದಿಂದ ಹೊರಬಂದ ಮೇಲೆ ಚಿತ್ರ ಮತ್ತೆ ಅವಸರಕ್ಕೆ ಬೀಳುತ್ತದೆ. ಜೆರ್ರಿ ಮಾರಕ ರೋಗಾಣುವೊಂದನ್ನು ತನಗೇ ಚುಚ್ಚಿಕೊಂಡು ಝಾಂಬಿಗಳ ನಡುವೆ ನಡೆದು ಬರುತ್ತಾನೆ. ಕೆಲವೇ ನಿಮಿಷಗಳಲ್ಲಿ ಜಗತ್ತಿಗೆಲ್ಲ ಮರೆಮಾಚುವ ಲಸಿಕೆ ಹಂಚಿಕೆಯಾಗುತ್ತದೆ. ಕ್ಯಾಸನೂರಿನಲ್ಲಿ ಲಸಿಕೆಯ ಕತೆ ಹಾಗೆ ನಡೆಯಲಿಲ್ಲ. ವೈರಾಣುಗಳು ಬಂಧುಗಳಾದ್ದರಿಂದ ಆರಂಭದಲ್ಲಿ ರಷ್ಯಾದ ರೋಗದ ಲಸಿಕೆಯನ್ನೇ ಕೊಟ್ಟು ನೋಡಿದರು, ಅದು ಕಾಪಾಡಲಿಲ್ಲ. ಆಮೇಲೆ ಕ್ಯಾಸನೂರು ವೈರಾಣುವಿನಿಂದಲೇ ತಯಾರಾದ ಲಸಿಕೆಯನ್ನು ಮಲೆನಾಡಿನವರು ದಶಕಗಳ ಕಾಲ ಹಾಕಿಸಿಕೊಂಡರು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಿಗೆ ಶೇ 83ರಷ್ಟು ಎಂದು ಕಂಡಿತು. ಒಂದೇ ಡೋಸಿಗೆ ನಿಲ್ಲಿಸಿದವರಿಗೆ ಪ್ರಯೋಜನವೇ ಇರಲಿಲ್ಲ. ಚುಚ್ಚಿದ ಜಾಗ ವಿಪರೀತ ನೋಯುತ್ತದೆಂದು ಮುಂದಿನ ಡೋಸಿಗೆ ಬಾರದವರು ಬಹಳ. 2022ರಲ್ಲಿ ಆ ಲಸಿಕೆ ನಿಂತೇಹೋಯಿತು.

ಕಾಯಿಲೆ ನಿಲ್ಲಲಿಲ್ಲ. ಶಿವಮೊಗ್ಗದಿಂದ ಹೊರಬಿದ್ದು ಉತ್ತರ ಕನ್ನಡ, ಚಿಕ್ಕಮಗಳೂರು, ಚಾಮರಾಜನಗರ ಜಿಲ್ಲೆಗಳಲ್ಲಿ, ಕೇರಳದ ವಯನಾಡಿನಲ್ಲಿ, ಗೋವಾದಲ್ಲಿ, ಪುಣೆ ಇರುವ ಮಹಾರಾಷ್ಟ್ರದ್ದೇ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಹಾನಿ ಮಲೆನಾಡಿನವರ ನೆನಪಿನಲ್ಲಿ ಹಸಿಯಾಗಿಯೇ ಇದೆ. ಪ್ರತಿವರ್ಷ ಡಿಸೆಂಬರ್ ಬಂತೆಂದರೆ ಉಣುಗಿನ ಮರಿಗಳು ಏಳುತ್ತವೆ, ಮೇ ತಿಂಗಳ ತನಕ ಆತಂಕ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಬರುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅವರು ಬಂದು ಸುತ್ತಲಿನ 50 ಅಡಿ ಜಾಗಕ್ಕೆ ಕೀಟನಾಶಕದ ಪುಡಿ ಎರಚುತ್ತಾರೆ, ಮಾದರಿಯನ್ನು ಪರೀಕ್ಷೆಗೆ ಕಳಿಸುತ್ತಾರೆ. ಹೊಸ ಲಸಿಕೆಗಾಗಿ ಐಸಿಎಂಆರ್ ಕೆಲಸ ನಡೆಸಿದೆ. 1957ರಿಂದ ಈವರೆಗೆ ಈ ಜ್ವರಕ್ಕೆಂದೇ ಒಂದು ಔಷಧ ಸಿಕ್ಕಿಲ್ಲ. ರೋಗಿಗೆ ನೀರು, ರಕ್ತ, ಆರೈಕೆ ಕೊಟ್ಟು ಕಾಯುವುದೇ ಇವತ್ತಿಗೂ ಚಿಕಿತ್ಸೆ.